ಗೃಹಸ್ಥ ದಂಪತಿಗಳ ಬಿಡುವು: ಒಂದು ಧರ್ಮವಿಚಾರ

ಶ್ರಾವಕಾಚಾರದ ಗ್ರಂಥಗಳು ಗೃಹಸ್ಥನ ಗಳಿಕೆ, ದಾನ, ಆಹಾರ ಮತ್ತು ವ್ರತಗಳ ಬಗ್ಗೆ ವಿಸ್ತಾರವಾಗಿ ಹೇಳಿವೆ. ಅವನ ಬಿಡುವಿನ ಬಗ್ಗೆ ಹೇಳಿರುವುದು ಕಡಿಮೆ. ಹೇಳಿರುವುದೂ ಬಹುಮಟ್ಟಿಗೆ ನಿಷೇಧದ ರೂಪದಲ್ಲಿದೆ. ಜೂಜು ಬೇಡ, ಬೇಟೆ ಬೇಡ, ಕೆಟ್ಟ ಕಥೆಗಳನ್ನು ಕೇಳುವುದು ಬೇಡ, ವ್ಯರ್ಥ ಹರಟೆ ಬೇಡ ಎಂದು ಆಚಾರ್ಯರು ಎಚ್ಚರಿಸಿದ್ದಾರೆ. ಬೇಡವಾದುದನ್ನೆಲ್ಲ ಬಿಟ್ಟ ಮೇಲೆ ಉಳಿಯುವ ಹೊತ್ತನ್ನು ಏನು ಮಾಡಬೇಕು? ಸ್ವಾಧ್ಯಾಯ, ಸಾಮಾಯಿಕ, ಜಿನಪೂಜೆ ಎಂಬುದು ಸಿದ್ಧ ಉತ್ತರ. ಆ ಉತ್ತರ ಸರಿಯಾದುದೇ. ಆದರೆ ಗೃಹಸ್ಥನು ಒಬ್ಬನೇ ಅಲ್ಲ. ಅವನ ಮನೆಯಲ್ಲಿ ಅವನಷ್ಟೇ ವಯಸ್ಸಾದ, ಅವನಷ್ಟೇ ದುಡಿದ ಇನ್ನೊಂದು ಜೀವವಿದೆ. ಗಂಡಹೆಂಡಿರು ಇಬ್ಬರೂ ಕೂಡಿ ಸಂತೋಷಪಡುವಂತಹ ಒಂದು ಹವ್ಯಾಸವನ್ನು ಹುಡುಕಿಕೊಳ್ಳುವುದು ಧರ್ಮಕ್ಕೆ ಸಮ್ಮತವೇ, ಅಥವಾ ಅದು ಪ್ರಮಾದಕ್ಕೆ ಇಟ್ಟ ಇನ್ನೊಂದು ಹೆಸರೇ? ಈ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ವಿಚಾರ ಮಾಡಲು ಯತ್ನಿಸಿದ್ದೇನೆ.

ಪ್ರಶ್ನೆ ಹಗುರವಾಗಿ ಕಾಣಬಹುದು. ಆದರೆ ನಮ್ಮ ಚಳ್ಳಕೆರೆಯಂತಹ ವ್ಯಾಪಾರದ ಊರಿನಲ್ಲಿ ಇದು ಮನೆಮನೆಯ ಪ್ರಶ್ನೆಯಾಗಿದೆ. ಶೇಂಗಾ ಮತ್ತು ಎಣ್ಣೆಯ ವ್ಯಾಪಾರದಿಂದ ಈ ಊರು ಎಣ್ಣೆಯ ನಗರವೆಂದು ಹೆಸರಾಯಿತು. ಸುಗ್ಗಿಯ ತಿಂಗಳುಗಳಲ್ಲಿ ಮಂಡಿಯಲ್ಲಿ ಹರಾಜು, ಗಿರಣಿಯಲ್ಲಿ ಸರದಿ, ರಾತ್ರಿ ಕಿರ್ದಿ-ಖಾತೆ. ಸುಗ್ಗಿ ಮುಗಿದರೆ ವಸೂಲಿಯ ಓಡಾಟ. ಗಂಡಸರು ಬೆಳಗಿನ ಎಂಟಕ್ಕೆ ಮನೆ ಬಿಟ್ಟರೆ ರಾತ್ರಿ ಒಂಬತ್ತಕ್ಕೆ ಹಿಂದಿರುಗುತ್ತಿದ್ದರು. ಹೆಂಗಸರಿಗೆ ಅಡಿಗೆ, ಮಕ್ಕಳು, ಅತ್ತೆಮಾವಂದಿರ ಶುಶ್ರೂಷೆ, ಬಂದುಹೋಗುವವರ ಉಪಚಾರ. 1994ರ ನಂತರ ತಾಳೆ ಎಣ್ಣೆಯ ಆಮದು ಸಡಿಲಗೊಂಡು ಅನೇಕ ಗಿರಣಿಗಳು ನಿಂತವು. ಉಳಿದ ವ್ಯಾಪಾರವನ್ನು ಮಕ್ಕಳು ವಹಿಸಿಕೊಂಡರು, ಅಥವಾ ಮಕ್ಕಳು ಬೆಂಗಳೂರಿಗೆ ಹೋದರು. ಹೀಗೆ ಅರವತ್ತು ದಾಟಿದ ದಂಪತಿಗಳು ಮೂವತ್ತೈದು-ನಲವತ್ತು ವರ್ಷಗಳ ಸಂಸಾರದ ನಂತರ ಮೊದಲ ಬಾರಿಗೆ ಒಬ್ಬರಿಗೊಬ್ಬರು ಎದುರಾಗಿ ಕುಳಿತಿದ್ದಾರೆ. ಮಾತನಾಡಲು ಮಕ್ಕಳ ಸುದ್ದಿ ಮತ್ತು ಮೊಣಕಾಲು ನೋವು ಬಿಟ್ಟರೆ ವಿಷಯವಿಲ್ಲ. ಒಬ್ಬರು ದೂರದರ್ಶನದ ಮುಂದೆ, ಇನ್ನೊಬ್ಬರು ಮೊಬೈಲ್ ಫೋನಿನ ಮುಂದೆ. ಜಗಳವಿಲ್ಲ, ಆದರೆ ಸ್ನೇಹವೂ ಇಲ್ಲ.

ನಮ್ಮ ಸಮಾಜಕ್ಕೆ ಇಲ್ಲಿ ಒಂದು ವಿಶೇಷವಿದೆ. ಅನಸ್ತಮಿತ ವ್ರತವನ್ನು ಪಾಲಿಸುವ ಮನೆಯಲ್ಲಿ ಸೂರ್ಯಾಸ್ತಕ್ಕೆ ಮುಂಚೆಯೇ ಊಟ ಮುಗಿಯುತ್ತದೆ. ನಮ್ಮ ಮಾರವಾಡಿ ಬಂಧುಗಳು ಇನ್ನೂ ಕಟ್ಟುನಿಟ್ಟಾಗಿ ಚೌವಿಹಾರವನ್ನು ನಡೆಸುತ್ತಾರೆ. ಒಲೆ ಆರಿದ ಮೇಲೆ ಮಲಗುವವರೆಗೆ ಮೂರು ಗಂಟೆಗಳಾದರೂ ಉಳಿಯುತ್ತವೆ. ಬೇರೆ ಮನೆಗಳಲ್ಲಿ ಹೆಂಗಸರು ಒಲೆಯ ಮುಂದೆ ಇರುವ ಹೊತ್ತಿನಲ್ಲಿ ಜೈನರ ಮನೆಯ ಹೆಂಗಸಿಗೆ ಬಿಡುವಿದೆ. ಅಂಗಡಿಗೆ ಹೋಗುವ ಕಾಲದಲ್ಲಿ ಈ ಹೊತ್ತು ಇಬ್ಬರಿಗೂ ಕೂಡಿ ಸಿಗುತ್ತಿರಲಿಲ್ಲ. ಈಗ ಸಿಗುತ್ತಿದೆ. ಜೀವಹಿಂಸೆಯನ್ನು ತಪ್ಪಿಸಲೆಂದು ವಿಧಿಸಿದ ಒಂದು ವ್ರತ ನಮಗೆ ಒಂದು ಸಂಜೆಯನ್ನೂ ಕೊಟ್ಟಿದೆ. ಅದನ್ನು ಹೇಗೆ ಬಳಸುತ್ತೇವೆ ಎಂಬುದೂ ಆ ವ್ರತದ ಪಾಲನೆಗೆ ಸೇರಿದ್ದೆಂದು ನನ್ನ ಭಾವನೆ.

ಮೊದಲ ಆಕ್ಷೇಪ: ಇದು ಭೋಗವಲ್ಲವೇ?

ವೈರಾಗ್ಯದ ದೃಷ್ಟಿಯಿಂದ ಒಂದು ಆಕ್ಷೇಪ ಬರುತ್ತದೆ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಏಕತ್ವಾನುಪ್ರೇಕ್ಷೆ ಒಂದು. ಜೀವನು ಒಬ್ಬನೇ ಹುಟ್ಟುತ್ತಾನೆ, ಒಬ್ಬನೇ ಕರ್ಮಫಲವನ್ನು ಉಣ್ಣುತ್ತಾನೆ, ಒಬ್ಬನೇ ಹೋಗುತ್ತಾನೆ. ಹೀಗಿರುವಾಗ ವಯಸ್ಸು ಇಳಿದ ಮೇಲೆ ಮೋಹದ ಕಟ್ಟನ್ನು ಸಡಿಲಿಸಬೇಕೇ ಹೊರತು ಹೊಸ ಹವ್ಯಾಸವೆಂಬ ಹೊಸ ಗಂಟನ್ನು ಹಾಕುವುದು ಎಷ್ಟು ಸರಿ?

ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಶ್ರಾವಕಧರ್ಮದ ನಡೆಯನ್ನೂ ಗಮನಿಸಬೇಕು. ಗೃಹಸ್ಥನಿಗೆ ವಿಧಿಸಿರುವುದು ಭೋಗೋಪಭೋಗ ಪರಿಮಾಣ ವ್ರತ. ಪರಿಮಾಣವೆಂದರೆ ಅಳತೆ, ಸಂಪೂರ್ಣ ತ್ಯಾಗವಲ್ಲ. ಅನರ್ಥದಂಡ ವ್ರತದ ಹೆಸರನ್ನೇ ನೋಡಿ: ಅರ್ಥವಿಲ್ಲದ, ಪ್ರಯೋಜನವಿಲ್ಲದ ಪಾಪಕಾರ್ಯವನ್ನು ಬಿಡಬೇಕು ಎಂದು ಅದು ಹೇಳುತ್ತದೆ. ಅಪಧ್ಯಾನ, ಪಾಪೋಪದೇಶ, ಪ್ರಮಾದಚರ್ಯೆ, ಹಿಂಸಾದಾನ, ದುಃಶ್ರುತಿ ಎಂಬ ಐದು ಬಗೆಗಳನ್ನು ಸಮಂತಭದ್ರಾಚಾರ್ಯರು ಎಣಿಸಿದ್ದಾರೆ. ಗಂಡಹೆಂಡಿರು ಕೂಡಿ ಒಂದು ಕಥೆಯನ್ನು ಓದುವುದು, ಒಂದು ಶಾಸನವನ್ನು ನೋಡಿಬರುವುದು, ಒಂದು ಹಾಡನ್ನು ಕಲಿಯುವುದು ಈ ಐದರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಸುಮ್ಮನೆ ಕುಳಿತು ಪರರ ಮನೆಯ ವಿಚಾರವನ್ನು ಆಡಿಕೊಳ್ಳುವುದು ಸೇರುತ್ತದೆ. ಬಿಡುವಿಗೆ ಒಂದು ಒಳ್ಳೆಯ ಕೆಲಸ ಇಲ್ಲದಿದ್ದರೆ ಬಿಡುವು ಖಾಲಿಯಾಗಿ ಉಳಿಯುವುದಿಲ್ಲ. ಅನರ್ಥದಂಡವೇ ಬಂದು ಅಲ್ಲಿ ಕೂರುತ್ತದೆ.

ಇನ್ನು ಏಕತ್ವದ ಮಾತು. ಜೀವನು ಏಕಾಕಿ ಎಂದು ಹೇಳಿದ ಪರಂಪರೆಯೇ ಜೀವಗಳು ಒಂದಕ್ಕೊಂದು ಉಪಕಾರ ಮಾಡುವುದು ಅವುಗಳ ಕಾರ್ಯ ಎಂದೂ ಹೇಳಿದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದ ಆ ಸೂತ್ರ ನಮ್ಮ ಸಮಾಜದ ಲಾಂಛನದ ಕೆಳಗೆ ಬರೆದಿರುವುದರಿಂದ ಎಲ್ಲರಿಗೂ ಪರಿಚಿತ. ಏಕಾಂಗಿತನ ಜೀವದ ಸ್ಥಿತಿ. ಪರಸ್ಪರ ಉಪಕಾರ ಜೀವದ ಕಾರ್ಯ. ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರೆ ಅದು ಏಕಾಂತವಾದವಾಗುತ್ತದೆ.

ಪಂಪನು ತೋರಿದ ಒಂದು ದಂಪತಿ

ಈ ವಿಚಾರಕ್ಕೆ ನಮ್ಮ ಸಾಹಿತ್ಯದಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಜಿನಸೇನಾಚಾರ್ಯರ ಪೂರ್ವಪುರಾಣವನ್ನು ಅನುಸರಿಸಿ ಪಂಪನು ಕ್ರಿ.ಶ. 941ರಲ್ಲಿ ರಚಿಸಿದ ಆದಿಪುರಾಣದ ವಜ್ರಜಂಘ-ಶ್ರೀಮತಿಯರ ಕಥೆಯನ್ನು ವಾಚಕರು ಬಲ್ಲರು. ಅವರಷ್ಟು ಪರಸ್ಪರ ಪ್ರೀತಿಯ ದಂಪತಿಗಳು ನಮ್ಮ ಪುರಾಣಗಳಲ್ಲಿ ವಿರಳ. ಒಂದು ರಾತ್ರಿ ಕಿಟಕಿಗಳು ಮುಚ್ಚಿದ್ದ ಶಯ್ಯಾಗೃಹದಲ್ಲಿ ಸುಗಂಧಧೂಪದ ಹೊಗೆ ತುಂಬಿ, ಇಬ್ಬರೂ ಒಬ್ಬರ ತೋಳಿನಲ್ಲಿ ಒಬ್ಬರು ಪ್ರಾಣ ಬಿಟ್ಟರು. ಯಾವುದು ಭೋಗದ ಸಾಧನವಾಗಿತ್ತೋ ಅದೇ ಮೃತ್ಯುವಿನ ಸಾಧನವಾಯಿತು. ಪ್ರವಚನಗಳಲ್ಲಿ ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ಭೋಗದ ಅಸ್ಥಿರತೆಯನ್ನು ವಿವರಿಸುವುದು ವಾಡಿಕೆ.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಸಾಯುವ ಮುಂಚೆ ಈ ದಂಪತಿಗಳು ಅರಣ್ಯಮಾರ್ಗದಲ್ಲಿ ಇಬ್ಬರು ಚಾರಣ ಮುನಿಗಳಿಗೆ ಕೂಡಿ ಆಹಾರದಾನ ಮಾಡಿದ್ದರು. ಅನೇಕ ಜನ್ಮಗಳ ನಂತರ ವಜ್ರಜಂಘನ ಜೀವ ವೃಷಭನಾಥ ತೀರ್ಥಂಕರರಾಯಿತು; ಶ್ರೀಮತಿಯ ಜೀವ ಹಸ್ತಿನಾಪುರದ ಶ್ರೇಯಾಂಸಕುಮಾರನಾಯಿತು. ದೀಕ್ಷೆಯ ನಂತರ ಭಗವಂತರು ಆಹಾರಕ್ಕಾಗಿ ಊರೂರು ತಿರುಗಿದಾಗ ಯಾರಿಗೂ ಮುನಿಗೆ ಆಹಾರ ಕೊಡುವ ವಿಧಿ ತಿಳಿದಿರಲಿಲ್ಲ. ಜನರು ರತ್ನ, ಆನೆ, ಕುದುರೆಗಳನ್ನು ತಂದು ಒಡ್ಡಿದರು. ಶ್ರೇಯಾಂಸನಿಗೆ ಮಾತ್ರ ಅವರನ್ನು ಕಂಡೊಡನೆ ಶ್ರೀಮತಿಯಾಗಿದ್ದ ಜನ್ಮ ನೆನಪಾಯಿತು; ಅಂದು ಇಬ್ಬರೂ ಕೂಡಿ ಮಾಡಿದ ದಾನದ ವಿಧಿ ನೆನಪಾಯಿತು. ಅವನು ಕಬ್ಬಿನ ಹಾಲನ್ನು ಕೊಟ್ಟನು. ಅದೇ ಅಕ್ಷಯತೃತೀಯೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಅವರಿಬ್ಬರ ಶೃಂಗಾರವೆಲ್ಲ ಒಂದು ರಾತ್ರಿಯ ಹೊಗೆಯಲ್ಲಿ ಮುಗಿಯಿತು. ಇಬ್ಬರೂ ಕೂಡಿ ಕಲಿತು, ಕೂಡಿ ಮಾಡಿದ ಒಂದು ಕಾರ್ಯ ಮಾತ್ರ ಜನ್ಮಗಳನ್ನು ದಾಟಿ ಬಂದಿತು. ಅದು ಬಂದದ್ದು ಶ್ರೀಮತಿಯ ಜೀವದ ಸ್ಮರಣೆಯಲ್ಲಿ ಎಂಬುದನ್ನು ಮರೆಯಬಾರದು. ಅವಳು ಅಂದು ಗಂಡನ ಹಿಂದೆ ಪಾತ್ರೆ ಹಿಡಿದು ನಿಂತಿದ್ದವಳಷ್ಟೇ ಆಗಿದ್ದರೆ ವಿಧಿಯೆಲ್ಲವೂ ಅವಳಿಗೆ ಹೇಗೆ ನೆನಪಿರುತ್ತಿತ್ತು? ಕೂಡಿ ಭೋಗಿಸುವುದಕ್ಕೂ ಕೂಡಿ ಮಾಡುವುದಕ್ಕೂ ಇರುವ ಅಂತರವನ್ನು ಕಥೆ ತಾನೇ ಹೇಳುತ್ತದೆ. ನಾವು ಹುಡುಕಬೇಕಾದ ಹವ್ಯಾಸ ಎರಡನೆಯ ಬಗೆಯದು.

ಎರಡನೆಯ ಆಕ್ಷೇಪ: ಈಗಾಗಲೇ ಕೂಡಿಯೇ ಇದ್ದೇವಲ್ಲ?

ಇನ್ನೊಂದು ಆಕ್ಷೇಪ ಗಂಡಸರ ಬಾಯಿಂದ ಬರುತ್ತದೆ: "ನಮ್ಮ ಮನೆಯವರು ನಾನು ಮಾಡುವುದಕ್ಕೆಲ್ಲ ಸಹಕರಿಸುತ್ತಾರೆ. ಬೇರೆ ಹವ್ಯಾಸ ಏಕೆ?" ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಚಳ್ಳಕೆರೆಯಿಂದ ಉತ್ತರಕ್ಕೆ ಹೋದರೆ ಮೊಳಕಾಲ್ಮೂರು. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಅಲ್ಲಿಯ ರೇಷ್ಮೆ ಸೀರೆ ದೇಶದಲ್ಲೆಲ್ಲ ಹೆಸರಾಗಿದೆ. ಕೈಮಗ್ಗದ ಮನೆಗೆ ಹೋಗಿ ನೋಡಿದರೆ, ಬಹುಮಟ್ಟಿಗೆ ಗಂಡ ಮಗ್ಗದಲ್ಲಿ ಕುಳಿತು ಲಾಳಿ ಎಸೆಯುತ್ತಾನೆ; ಹೆಂಡತಿ ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಾಳೆ. ಕಂಡಿಕೆ ಇಲ್ಲದೆ ಹೊಕ್ಕು ಇಲ್ಲ, ಹೊಕ್ಕು ಇಲ್ಲದೆ ಸೀರೆ ಇಲ್ಲ. ಆದರೂ ಕೂಲಿ ಎಣಿಸುವುದು ಸೀರೆಗೆ. ನೇಕಾರನೆಂದು ಕರೆಯುವುದು ಅವನನ್ನು. ಅವಳ ದುಡಿಮೆಗೆ 'ಸಹಾಯ' ಎಂದು ಹೆಸರು. ಇಬ್ಬರೂ ಒಂದೇ ಕೋಣೆಯಲ್ಲಿ ಹತ್ತು ಗಂಟೆ ಇರುತ್ತಾರೆ ನಿಜ. ಆದರೆ ಅಂಚಿಗೆ ಯಾವ ಬಣ್ಣ, ಸೆರಗಿಗೆ ಯಾವ ಬುಟ್ಟಾ ಎಂದು ಅವಳನ್ನು ಯಾರಾದರೂ ಕೇಳುವ ಮನೆಯಲ್ಲಿ ಮಾತ್ರ ಆ ಸೀರೆ ಇಬ್ಬರದೂ ಆಗುತ್ತದೆ.

ವಾಣಿಜ್ಯದ ವಿದ್ಯಾರ್ಥಿಯಾಗಿ ಓದಿದ ಒಂದು ವಿಚಾರ ಇಲ್ಲಿ ಉಪಯುಕ್ತ. 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದಂತೆ, ಬೇರೆ ಕರಾರು ಇಲ್ಲದಿದ್ದರೆ, ಪ್ರತಿ ಪಾಲುದಾರನಿಗೂ ವ್ಯವಹಾರ ನಡೆಸುವುದರಲ್ಲಿ ಭಾಗವಹಿಸುವ ಹಕ್ಕಿದೆ. ನಿರ್ಧಾರಕ್ಕೆ ಮುಂಚೆ ತನ್ನ ಅಭಿಪ್ರಾಯ ಹೇಳುವ ಹಕ್ಕಿದೆ. ಲೆಕ್ಕದ ಪುಸ್ತಕಗಳನ್ನು ನೋಡುವ ಹಕ್ಕಿದೆ. ನಮ್ಮಲ್ಲಿ ತೆರಿಗೆಯ ಅನುಕೂಲಕ್ಕಾಗಿ ಹೆಂಡತಿಯ ಹೆಸರನ್ನು ಫರ್ಮಿನಲ್ಲಿ ಸೇರಿಸುವ ಪದ್ಧತಿ ಹೊಸದಲ್ಲ. ಆಕೆ ತೋರಿಸಿದ ಕಡೆ ಸಹಿ ಹಾಕುತ್ತಾಳೆ. ಆ ಪುಸ್ತಕವನ್ನು ಎಂದೂ ತೆರೆದು ನೋಡುವುದಿಲ್ಲ. ಕಾಗದದ ಮೇಲೆ ಪಾಲುದಾರಳು, ವ್ಯವಹಾರದಲ್ಲಿ ಸಹಿ ಮಾತ್ರ. ಅನೇಕ ಮನೆಗಳಲ್ಲಿ ಹವ್ಯಾಸವೂ ಹೀಗೆಯೇ ಇದೆ. ಯಜಮಾನರಿಗೆ ಯಾತ್ರೆಯ ಹವ್ಯಾಸ. ಆಕೆ ಬುತ್ತಿ ಕಟ್ಟುತ್ತಾರೆ. ಯಜಮಾನರಿಗೆ ಸತ್ಸಂಗದ ಹವ್ಯಾಸ. ಆಕೆ ಹದಿನೈದು ಜನರಿಗೆ ಹಾಲು ಕಾಯಿಸುತ್ತಾರೆ. ಯಜಮಾನರು ಅದನ್ನು 'ನಾವಿಬ್ಬರೂ' ಎಂದು ಹೇಳಿಕೊಳ್ಳುತ್ತಾರೆ.

ವಾಚಸ್ಪತಿ ಮಿಶ್ರರ ಪತ್ನಿ ಭಾಮತಿಯ ಐತಿಹ್ಯವನ್ನು ನಮ್ಮಲ್ಲಿ ಆದರ್ಶವಾಗಿ ಹೇಳುವುದುಂಟು. ಆಕೆ ವರ್ಷಗಳ ಕಾಲ ಗಂಡನ ಬರವಣಿಗೆಗೆ ದೀಪ ಸರಿಪಡಿಸುತ್ತಿದ್ದಳು. ಗ್ರಂಥ ಮುಗಿದಾಗ ಅವರು ತಲೆ ಎತ್ತಿ ಈಕೆ ಯಾರೆಂದು ಕೇಳಿದರು. ಅವಳ ತ್ಯಾಗವನ್ನು ಅರಿತು ಗ್ರಂಥಕ್ಕೆ ಅವಳ ಹೆಸರನ್ನೇ ಇಟ್ಟರು. ಆಕೆಯ ಸೇವೆ ದೊಡ್ಡದು, ಅವರ ಕೃತಜ್ಞತೆಯೂ ದೊಡ್ಡದು. ಆದರೆ ಆ ಗ್ರಂಥದ ಒಂದು ವಾಕ್ಯವನ್ನಾದರೂ ಅವರು ಆಕೆಗೆ ಓದಿ ಹೇಳಿದ್ದರೆ ಎಂದು ನನಗೆ ಅನ್ನಿಸುತ್ತದೆ. ಹೆಸರಿಡುವುದು ಕೃತಜ್ಞತೆ, ಓದಿ ಹೇಳುವುದು ಸಹಭಾಗ. ಸೇವೆ ಬೇರೆ, ಸಹಭಾಗ ಬೇರೆ.

ಈ ವಿಷಯದಲ್ಲಿ ಹದಿಮೂರನೆಯ ಶತಮಾನದ ಗೃಹಸ್ಥ ಪಂಡಿತ ಆಶಾಧರರ ಅಭಿಪ್ರಾಯ ಗಮನಾರ್ಹ. ಅವರು ಮುನಿಗಳಲ್ಲ, ಸಂಸಾರಸ್ಥರು. ಸಾಗಾರಧರ್ಮಾಮೃತದಲ್ಲಿ ಶ್ರಾವಕನು ತನ್ನ ಪತ್ನಿಗೆ ಅತ್ಯಂತ ಪ್ರೇಮದಿಂದ ಧರ್ಮದ ತಿಳಿವಳಿಕೆಯನ್ನು ಕೊಡಬೇಕೆಂದು ಹೇಳುತ್ತಾರೆ. ಆಕೆ ಧರ್ಮವನ್ನರಿಯದೆ ಉಳಿದರೆ ಗಂಡನೂ ಧರ್ಮದಿಂದ ಜಾರುವನೆಂದು ಕಾರಣವನ್ನೂ ಕೊಡುತ್ತಾರೆ. ಪ್ರೇಮವಿಲ್ಲದ ಉಪದೇಶ ಉಪಯೋಗವಿಲ್ಲವೆಂಬ ಅರಿವು ಆ ಮಾತಿನಲ್ಲಿದೆ. ಆದರೆ ಅಲ್ಲಿ ಕಲಿಸುವವನು ಗಂಡ, ಕಲಿಯುವವಳು ಹೆಂಡತಿ. ಆ ಕಾಲಕ್ಕೆ ಅದು ಸಹಜ. ಇಂದು ನಮ್ಮ ಸೊಸೆಯಂದಿರು ನಮಗಿಂತ ಹೆಚ್ಚು ಓದಿದವರು. ನಮ್ಮ ಧರ್ಮಪತ್ನಿಯರು ಕಡಿಮೆ ಓದಿದ್ದರೂ ಜೀವನವನ್ನು ಹೆಚ್ಚು ಕಂಡವರು. ಆಶಾಧರರ ಮಾತನ್ನು ಈಗ ಎರಡು ದಿಕ್ಕಿಗೂ ಅನ್ವಯಿಸಿಕೊಳ್ಳಬೇಕಾಗಿದೆ.

ಒಂದು ಸಣ್ಣ ಉದಾಹರಣೆಯನ್ನು ಸ್ವಾನುಭವದಿಂದ ಹೇಳುತ್ತೇನೆ. ನಮ್ಮ ಮನೆಯಲ್ಲಿ ಸಂಜೆ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳನ್ನು ಸರದಿಯ ಮೇಲೆ ಓದುತ್ತೇವೆ. ಹಳಗನ್ನಡದ ಪದಗಳಿಗೆ ನಿಘಂಟು ನೋಡುವುದು ನನ್ನ ಕೆಲಸ. ಗಟ್ಟಿಯಾಗಿ ಓದುವುದು ಆಕೆಯ ಕೆಲಸ. ಸುಕುಮಾರಸ್ವಾಮಿಯ ಕಥೆ ಮುಗಿದ ದಿನ ಆಕೆ ಪುಸ್ತಕ ಮುಚ್ಚಿ, "ಅಲ್ಲಾರೀ, ಅವನು ಮೂವತ್ತೆರಡು ಹೆಂಡಿರನ್ನು ಬಿಟ್ಟು ಹೋದನಲ್ಲ, ಅವರಲ್ಲಿ ಒಬ್ಬಳಿಗಾದರೂ ಹೇಳಿ ಹೋದನೇ?" ಎಂದು ಕೇಳಿದಳು. ಆಯುಷ್ಯ ಮೂರೇ ದಿನ ಉಳಿದಿತ್ತು, ಹೇಳಲು ಹೊತ್ತೆಲ್ಲಿತ್ತು ಎಂದೆ. "ಮೂರು ದಿನ ಸಾಲದೇನು, ಒಂದು ಮಾತು ಹೇಳೋದಕ್ಕೆ?" ಎಂದಳು. ಸುಕುಮಾರನ ವೈರಾಗ್ಯ, ನರಿಗಳ ಉಪಸರ್ಗವನ್ನು ಸಹಿಸಿದ ಅವನ ಸಮಾಧಿ ಇವೆಲ್ಲ ಪೂಜ್ಯವೇ. ಆದರೆ ಪ್ರವಚನಗಳಲ್ಲಿ ಎಂದೂ ಏಳದ ಆ ಪ್ರಶ್ನೆ ಎದ್ದದ್ದು, ಕಥೆಯನ್ನು ಇನ್ನೊಂದು ಮಗ್ಗುಲಿನಿಂದ ಕೇಳಿದ ಒಬ್ಬರು ಪಕ್ಕದಲ್ಲಿದ್ದುದರಿಂದ. ಅನೇಕಾಂತವನ್ನು ಗ್ರಂಥದಲ್ಲಿ ಓದುವುದು ಸುಲಭ. ಅದು ಮನೆಯೊಳಗೆ ಕುಳಿತು ಪ್ರಶ್ನೆ ಕೇಳಿದಾಗ ತಾಳ್ಮೆ ಬೇಕಾಗುತ್ತದೆ.

ಆಯ್ಕೆಗೆ ನಾಲ್ಕು ಒರೆಗಲ್ಲುಗಳು

ಹಾಗಾದರೆ ಎಂತಹ ಹವ್ಯಾಸ? ಪಟ್ಟಿ ಕೊಡುವುದು ನನ್ನ ಉದ್ದೇಶವಲ್ಲ. ಅದು ಆಯಾ ದಂಪತಿಗಳ ಅಭಿರುಚಿಗೆ ಸೇರಿದ್ದು. ಒರೆಹಚ್ಚಿ ನೋಡಲು ನಾಲ್ಕು ಅಂಶಗಳನ್ನು ಸೂಚಿಸಬಹುದು.

ಮೊದಲನೆಯದು ಅಹಿಂಸೆ. ಗಾಳ ಹಾಕುವುದು, ಪಂಜರದಲ್ಲಿ ಹಕ್ಕಿ ಸಾಕುವುದು ಇವು ಜೈನರಿಗೆ ಸಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಸೂಕ್ಷ್ಮವಾದವೂ ಇವೆ. ಮೊಳಕಾಲ್ಮೂರಿನ ಸೀರೆಯ ಕುಸುರಿಯನ್ನು ಮೆಚ್ಚಿ ಬಗೆಬಗೆಯವನ್ನು ಸಂಗ್ರಹಿಸುವುದು ಕೆಲವು ದಂಪತಿಗಳಿಗೆ ಪ್ರಿಯ. ರೇಷ್ಮೆಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುವಾಗ ಒಳಗಿನ ಜೀವ ಉಳಿಯುವುದಿಲ್ಲ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಈ ಕಾರಣದಿಂದ ರೇಷ್ಮೆಯನ್ನೇ ಬಿಟ್ಟ ಶ್ರಾವಿಕೆಯರು ನಮ್ಮಲ್ಲಿದ್ದಾರೆ. ನೇಕಾರನ ಹೊಟ್ಟೆಯ ಪ್ರಶ್ನೆಯೂ ಇರುವುದರಿಂದ ಇದು ಸುಲಭವಾಗಿ ತೀರ್ಮಾನವಾಗುವ ವಿಷಯವಲ್ಲ. ಆದರೆ ಅಗತ್ಯಕ್ಕೆ ಒಂದು ಕೊಳ್ಳುವುದು ಬೇರೆ, ಸಂತೋಷಕ್ಕಾಗಿ ಸಂಗ್ರಹಿಸುವುದು ಬೇರೆ ಎಂಬಷ್ಟನ್ನಾದರೂ ಒಪ್ಪಬಹುದು.

ಎರಡನೆಯದು ಅಪರಿಗ್ರಹ. ಯಾವ ಹವ್ಯಾಸ ವಸ್ತುಗಳನ್ನು ಬೇಡುತ್ತಾ ಹೋಗುತ್ತದೆಯೋ ಅದು ಕೊನೆಗೆ ಇನ್ನೊಂದು ಅಂಗಡಿಯೇ ಆಗುತ್ತದೆ. ಅಂಗಡಿಯಿಂದ ಬಿಡುವು ಪಡೆದು ಮತ್ತೊಂದು ಅಂಗಡಿ ತೆರೆಯುವುದರಲ್ಲಿ ಅರ್ಥವಿಲ್ಲ.

ಮೂರನೆಯದು ಸಮಾನತೆ. ಸಾಧ್ಯವಾದಷ್ಟು ಇಬ್ಬರಿಗೂ ಹೊಸದಾದುದನ್ನು ಆರಿಸಿಕೊಳ್ಳಬೇಕು. ಒಬ್ಬರು ಮೊದಲೇ ಬಲ್ಲವರಾದರೆ ಅವರು ಗುರುವಾಗಿಬಿಡುತ್ತಾರೆ. ಇಬ್ಬರೂ ತಪ್ಪುವ, ಇಬ್ಬರೂ ನಗುವ ವಿದ್ಯೆ ಒಳ್ಳೆಯದು. ನಮ್ಮ ಸೀಮೆಯಲ್ಲಿ ಇದಕ್ಕೊಂದು ಸುಯೋಗವಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಸ್ಥಳಗಳಲ್ಲಿ ಅಶೋಕನ ಶಾಸನಗಳಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಇವುಗಳನ್ನು ಬೆಳಕಿಗೆ ತಂದರು. ಅವು ಬ್ರಾಹ್ಮೀ ಲಿಪಿಯಲ್ಲಿವೆ. ಬರೆದ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯ ಹೆಸರನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಬ್ರಾಹ್ಮಿಯ ಅಕ್ಷರಗಳು ಸರಳ. ದಿನಕ್ಕೆ ಎರಡರಂತೆ ಕಲಿತರೆ ಒಂದು ತಿಂಗಳಿಗೆ ಮುಗಿಯುತ್ತವೆ. ಲಿಪಿವಿದ್ಯೆಯನ್ನು ವೃಷಭದೇವರು ತಮ್ಮ ಮಗಳು ಬ್ರಾಹ್ಮಿಗೆ ಮೊದಲು ಕಲಿಸಿದರೆಂದು ನಮ್ಮ ಪರಂಪರೆ ಹೇಳುವುದರಿಂದ, ಹೆಣ್ಣುಮಕ್ಕಳಿಗೆ ಇದರಲ್ಲಿ ಹೆಚ್ಚಿನ ಅಧಿಕಾರವೇ ಇದೆ. ಮೊಣಕಾಲು ನೋವಿನವರು ಜಟಿಂಗ ರಾಮೇಶ್ವರದ ಬೆಟ್ಟವನ್ನು ಬಿಟ್ಟು ಉಳಿದೆರಡನ್ನು ನೋಡಬಹುದು. ಅಳತೆಯೂ ವ್ರತದ ಭಾಗವೇ.

ಆ ಶಾಸನಗಳಲ್ಲಿ ತಂದೆತಾಯಿಗಳ ಶುಶ್ರೂಷೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಗುರುವಿನಲ್ಲಿ ಗೌರವ, ಬಂಧುಗಳಲ್ಲಿ ಯೋಗ್ಯವಾದ ನಡವಳಿಕೆ ಇವುಗಳನ್ನು ವಿಧಿಸಿದೆ. ಗಂಡಹೆಂಡಿರು ಹೇಗಿರಬೇಕೆಂಬ ಮಾತು ಮಾತ್ರ ಅಲ್ಲಿಲ್ಲ. ರಾಜಾಜ್ಞೆಯಿಂದ ಆಗುವ ಕೆಲಸ ಅದಲ್ಲವೆಂದು ಚಕ್ರವರ್ತಿಗೂ ತಿಳಿದಿತ್ತೇನೋ.

ನಾಲ್ಕನೆಯದು ಸ್ವಾತಂತ್ರ್ಯ. ಇದು ಎಲ್ಲಕ್ಕಿಂತ ಮುಖ್ಯ. ಬೇಡವೆನ್ನುವ ಅವಕಾಶ ಇಬ್ಬರಿಗೂ ಇರಬೇಕು. ನಲವತ್ತು ವರ್ಷ ಎಲ್ಲರ ನಡುವೆ ದುಡಿದ ಹೆಂಗಸಿಗೆ ಸಂಜೆ ಒಂದು ಗಂಟೆ ಒಬ್ಬಳೇ ಕೂರಬೇಕೆನಿಸಿದರೆ ಅದು ಪ್ರೀತಿಯ ಕೊರತೆಯಲ್ಲ. ಅವಳ ಮನಸ್ಸಿಲ್ಲದೆ ಅವಳನ್ನು ನಮ್ಮ ಅಭಿರುಚಿಗೆ ಎಳೆಯುವುದು, ಅದು ಸ್ವಾಧ್ಯಾಯವೇ ಆಗಿದ್ದರೂ, ಭಾವಹಿಂಸೆ. ಗಂಡನಿಗೂ ಈ ಮಾತು ಸಲ್ಲುತ್ತದೆ. ದಿನದಲ್ಲಿ ಒಂದು ಭಾಗ ಕೂಡಿ, ಒಂದು ಭಾಗ ಬೇರೆಯಾಗಿ ಕಳೆಯುವ ದಂಪತಿಗಳೇ ಮತ್ತೆ ಕೂಡಿದಾಗ ಹೇಳಿಕೊಳ್ಳಲು ಏನಾದರೂ ಉಳ್ಳವರು.

ಹಿಂದಿನವರು, ಇಂದಿನವರು

ನಮ್ಮ ನಾಡಿನಲ್ಲಿ ಇಂತಹ ದಂಪತಿಗಳು ಇಲ್ಲದಿಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನಿಗೆ ಸುತ್ತಾಲಯವನ್ನು ಕಟ್ಟಿಸಿದನು. ಅವನ ಪತ್ನಿ ಲಕ್ಷ್ಮಿ ಚಂದ್ರಗಿರಿಯಲ್ಲಿ 1118ರ ಸುಮಾರಿಗೆ ಎರಡುಕಟ್ಟೆ ಬಸದಿಯನ್ನು ಕಟ್ಟಿಸಿದಳು. ಒಂದೇ ಆಸಕ್ತಿ, ಎರಡು ಸ್ವತಂತ್ರ ಕೈಗಳು. 1121ರಲ್ಲಿ ಆಕೆ ಸಮಾಧಿಮರಣವನ್ನು ಹೊಂದಿದಾಗ ಆಕೆಯ ನೆನಪಿಗೆ ಶಾಸನವನ್ನು ನಿಲ್ಲಿಸಿದವನು ಗಂಗರಾಜನೇ.

ನಮ್ಮ ಕಾಲದಲ್ಲಿ ಹಂಪ ನಾಗರಾಜಯ್ಯ ಮತ್ತು ಕಮಲಾ ಹಂಪನಾ ದಂಪತಿಗಳನ್ನು ಸ್ಮರಿಸಬೇಕು. ಇಬ್ಬರೂ ಕನ್ನಡ ಅಧ್ಯಾಪಕರು, ಇಬ್ಬರೂ ಜೈನ ಸಾಹಿತ್ಯದ ಸಂಶೋಧಕರು. ಆದರೆ ಒಬ್ಬರು ಇನ್ನೊಬ್ಬರ ನೆರಳಾಗಲಿಲ್ಲ. ಆಕೆಯ ಗ್ರಂಥಗಳು ಆಕೆಯವು, ಅವರ ಗ್ರಂಥಗಳು ಅವರವು. 2003ರಲ್ಲಿ ಮೂಡುಬಿದಿರೆಯಲ್ಲಿ ನಡೆದ 71ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಆಕೆ ಅಧ್ಯಕ್ಷರಾಗಿದ್ದರು. 2024ರ ಜೂನ್ ತಿಂಗಳಲ್ಲಿ ಆಕೆ ತೀರಿಕೊಂಡರು. ಅದೇ ವರ್ಷದ ಮೈಸೂರು ದಸರಾ ಉತ್ಸವವನ್ನು ಹಂಪನಾ ಅವರು ಉದ್ಘಾಟಿಸಿದರು. ವಿದ್ವಾಂಸರಾಗದ ನಾವು ಅವರ ಎತ್ತರಕ್ಕೆ ಏರಲಾರೆವು. ಆದರೆ ಒಂದೇ ಮನೆಯಲ್ಲಿ ಎರಡು ಓದುವ ಮೇಜುಗಳಿರಬಹುದೆಂಬ ಪಾಠವನ್ನು ಯಾರೂ ಕಲಿಯಬಹುದು.

ಇಲ್ಲಿಗೆ ಏಕತ್ವದ ಪ್ರಶ್ನೆ ಮತ್ತೆ ಎದುರಾಗುತ್ತದೆ. ಇಬ್ಬರಲ್ಲಿ ಒಬ್ಬರು ಮೊದಲು ಹೋಗುತ್ತಾರೆ; ಇದನ್ನು ಯಾವ ಹವ್ಯಾಸವೂ ತಪ್ಪಿಸಲಾರದು. ಕೂಡಿ ಕಳೆದ ಸಂಜೆಗಳು ಆಗ ದುಃಖವನ್ನು ಹೆಚ್ಚಿಸುವುದಿಲ್ಲವೇ ಎಂದು ಕೇಳಬಹುದು. ಹೆಚ್ಚಿಸಬಹುದು. ಆದರೆ ನಾನು ಕಂಡಂತೆ, ಹೆಂಡತಿಯನ್ನು ಸೇವೆಗೆ ಮಾತ್ರ ಅವಲಂಬಿಸಿದ್ದ ಗಂಡಸು ಆಕೆ ಹೋದ ಮೇಲೆ ತನ್ನ ಪಂಚೆ ಎಲ್ಲಿದೆ ಎಂದು ಕೂಡ ತಿಳಿಯದೆ ಕಂಗಾಲಾಗುತ್ತಾನೆ. ಗಂಡನ ಇಚ್ಛೆಗೆ ಮಾತ್ರ ಬದುಕಿದ ಹೆಂಗಸು ಅವನು ಹೋದ ಮೇಲೆ ತನಗೆ ಏನು ಇಷ್ಟವೆಂಬುದೇ ತಿಳಿಯದೆ ಮೂಲೆ ಸೇರುತ್ತಾಳೆ. ಕೂಡಿ ಒಂದು ವಿದ್ಯೆಯನ್ನು ಕಲಿತವರಿಗೆ ಆ ವಿದ್ಯೆ ಉಳಿಯುತ್ತದೆ. ನಿಂತ ಪುಟದಿಂದ ಮುಂದೆ ಓದುವ ಕೆಲಸ ಉಳಿದವರಿಗೆ ಇರುತ್ತದೆ. ಕೂಡಿರುವುದು ಒಬ್ಬರೇ ಇರುವುದಕ್ಕೂ ಅಭ್ಯಾಸವಾಗುವುದಾದರೆ ಅದಕ್ಕೂ ಏಕತ್ವ ಭಾವನೆಗೂ ವಿರೋಧವಿಲ್ಲ.

ಕೊನೆಯದಾಗಿ ಬಸದಿಗಳ ಆಡಳಿತ ಮಂಡಲಿಗಳಲ್ಲಿ ಒಂದು ವಿನಂತಿ. ನಮ್ಮ ಅನೇಕ ಬಸದಿ, ಮಂದಿರಗಳಲ್ಲಿ ಗಂಡಸರ ಸ್ವಾಧ್ಯಾಯ ಬೇರೆ, ಮಹಿಳಾ ಸಮಾಜದ ಭಜನೆ ಬೇರೆ ಹೊತ್ತಿನಲ್ಲಿ ನಡೆಯುತ್ತವೆ. ಅವು ಹಾಗೆಯೇ ನಡೆಯಲಿ. ಅದರ ಜೊತೆಗೆ ವಾರಕ್ಕೊಂದು ಸಂಜೆ, ಊಟ ಮುಗಿದ ಹೊತ್ತಿನಲ್ಲಿ, ದಂಪತಿಗಳು ಕೂಡಿ ಬಂದು ಕುಳಿತು ಓದುವ ಒಂದು ಗಂಟೆಯನ್ನು ಇಡಬಹುದು. ಉಪನ್ಯಾಸಕರು ಬೇಡ, ಹಾರ-ಶಾಲು ಬೇಡ, ಉಪಾಹಾರವಂತೂ ಬೇಡವೇ ಬೇಡ, ಏಕೆಂದರೆ ಅದನ್ನು ಸಿದ್ಧಪಡಿಸಲು ಮತ್ತೆ ಹೆಂಗಸರೇ ಎದ್ದು ಹೋಗಬೇಕಾಗುತ್ತದೆ. ಒಂದು ಪುಸ್ತಕ, ಒಂದು ದೀಪ, ಹತ್ತು ಚಾಪೆ ಸಾಕು. ಒಂದು ಪುಟವನ್ನು ಆತ ಓದಲಿ, ಮುಂದಿನದನ್ನು ಆಕೆ ಓದಲಿ. ವಿಧವೆಯರೂ ವಿಧುರರೂ ಬರಲಿ. ಅವರಿಗೆ ಓದಲು ಪುಟ ಬಿಟ್ಟುಕೊಡುವುದೂ ಪರಸ್ಪರ ಉಪಕಾರವೇ. ಮುಂದಿನ ಚಾತುರ್ಮಾಸದಿಂದ ಒಂದೆರಡು ಊರುಗಳಲ್ಲಾದರೂ ಇದನ್ನು ಆರಂಭಿಸಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ.